ಮಲ್ಲಕ್ಕ ಕಟ್ಟಿದ ಗಂಟು

ಮಲ್ಲಕ್ಕನಿಗೆ ಬಹಳ ಸಿಟ್ಟು ಬರುತ್ತದೆ ಎಂದು ಚಾಳಿನವರು ಹೇಳುತ್ತಿದ್ದರು. ತಪ್ಪು. ಬರಬೇಕಾದರೆ ಮೊದಲು ಅದು ಎಲ್ಲಿಗಾದರೂ ಹೋಗಿರಬೇಕಲ್ಲ! ಮಲ್ಲಕ್ಕನ ಸಿಟ್ಟು ಬೆಳಿಗ್ಗೆ ಅವಳ ಜೊತೆಗೇ ಏಳುತ್ತಿತ್ತು, ಕೊಡ ಹಿಡಿದು ಜೊತೆಗೇ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತಿತ್ತು, ಜೊತೆಗೇ ಉಣ್ಣುತ್ತಿತ್ತು. ನೀರು ತಡವಾಗಿ ಬಂದರೆ ನೀರು ಬಿಡುವವನಿಗೆ ಬೈಗುಳ. ಬೇಗ ಬಂದರೆ, "ಏನ್ ಸಾಯೋ ಗಡಿಬಿಡಿ ಅದನೋ ಇದಕ್ಕ" ಎಂದು ನೀರಿಗೇ ಬೈಗುಳ. ಘಾಟ್ಕೋಪರಿನ ಆ ಗುಡ್ಡದ ಮೇಲೆ ಅವಳು ಬಾಯಿ ತೆಗೆದರೆ, ಕೆಳಗಿನ ರಸ್ತೆಯಲ್ಲಿ ರಿಕ್ಷಾದವರು ತಮ್ಮನ್ನೇ ಯಾರೋ ಕರೆದರೆಂದು ನಿಲ್ಲಿಸಿಬಿಡುತ್ತಿದ್ದರು.

ಅಫಜಲಪುರದ ಕಡೆಯಿಂದ ಗಂಡ ಭೀಮರಾಯನ ಹಿಂದೆ ಮುಂಬಯಿಗೆ ಬಂದಾಗ ಅವಳಿಗೆ ಸೀರೆಯ ನಿರಿಗೆ ಹಿಡಿಯಲಿಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಬಂದ ವಾರವೇ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಏರಿತು. ಆಮೇಲೆ ಇಳಿಯಲೇ ಇಲ್ಲ. ಬೆಳಗಾದರೆ ಕೂಲಿಯಾಳುಗಳು ಸೇರುವ ನಾಕಾದಲ್ಲಿ ಹೋಗಿ ನಿಲ್ಲುವುದು, ಕೂಲಿ ಗೊತ್ತುಮಾಡುವ ಮುಕಾದಮ ಬೆರಳು ತೋರಿಸಿದ ಕಡೆ ಟೆಂಪೊ ಹತ್ತುವುದು, ಸಂಜೆಯವರೆಗೆ ಬಿದಿರಿನ ಮೆಟ್ಟಿಲು ಹತ್ತಿ ಇಳಿಯುವುದು. ಪವಾಯಿಯಿಂದ ಬಾಂದ್ರಾದವರೆಗೆ ನನ್ನ ತಲೆ ಮೇಲಿಂದ ಹೋಗದ ಬಿಲ್ಡಿಂಗ್ ಇಲ್ಲ ಎಂದು ಅವಳೇ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಅರ್ಧ ಸುಳ್ಳು. ಆದರೆ ಅರ್ಧ ಮಾತ್ರ.

ಈಗ ಭೀಮರಾಯ ಇಲ್ಲ. ಮಲ್ಲಕ್ಕನ ಮಂಡಿ ಸೋತಿದೆ, ನಾಕಾದಲ್ಲಿ ಅವಳ ಕಡೆಗೆ ಬೆರಳು ತೋರಿಸುವವರಿಲ್ಲ. ಇರುವವಳು ಒಬ್ಬಳೇ ಮಗಳು, ನೀಲಾ. ಹೆಸರಿಟ್ಟದ್ದು ನೀಲಾಬಾಯಿ ಎಂದು. ಕೆಲಸಕ್ಕೆ ಸೇರಿದ ಮೇಲೆ ಅವಳು ಹಿಂದಿನ 'ಬಾಯಿ'ಯನ್ನು ಕಿತ್ತು ಹಾಕಿದಳು. "ನನ್ನ ಬಾಯಿ ಅಂತೂ ಮುಚ್ಚಿಸ್ಲಿಕ್ಕಾಗ್ಲಿಲ್ಲ, ತನ್ನ ಹೆಸರಿಂದ ತೆಗದಳು" ಎಂದು ಮಲ್ಲಕ್ಕ ಚಾಳಿಗೆಲ್ಲ ಕೇಳಿಸುವಂತೆ ಹೇಳಿಕೊಂಡು ನಗುತ್ತಿದ್ದಳು. ನೀಲಾ ಬಾಂದ್ರಾದ ಕಂಪನಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು, ಮಗು ಹುಟ್ಟಿದ ಮೇಲೆ ಬಿಟ್ಟಿದ್ದಳು. ಗಂಡ ರಮಾನಾಥ ಬೀದರದ ಕಡೆಯವನು, ಪವಾಯಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ, ಮನೆಯೂ ಅಲ್ಲೇ ಹತ್ತಿರ. ಮಗಳು ಅಂಬಿಕಾ, ಎಲ್ಲರ ಬಾಯಲ್ಲಿ ಅಂಬೂ. ಮೂರು ತುಂಬಿದ ಹುಡುಗಿ, ಒಂದು ಕಡೆ ಕೂತದ್ದನ್ನು ಯಾರೂ ನೋಡಿಲ್ಲ.

ತೊಂಬತ್ತೊಂದರ ದೀಪಾವಳಿ ಕಳೆದ ಮೇಲೆ ನೀಲಾಳ ಆಫೀಸಿನವರು ಮತ್ತೆ ಕೆಲಸಕ್ಕೆ ಕರೆದರು. ಅಂಬೂನನ್ನು ಹಗಲು ಯಾರು ನೋಡಿಕೊಳ್ಳಬೇಕು? ಅಜ್ಜಿ ಇದ್ದಾಳಲ್ಲ, ಗುಡ್ಡ ಇಳಿದು ಬಸ್ಸು ಹತ್ತಿದರೆ ಪವಾಯಿ ಎಂದು ರಮಾನಾಥ ಹೇಳಿದ. ನೀಲಾ ಮಾತ್ರ ಪಕ್ಕದ ಬಿಲ್ಡಿಂಗಿನ ಪಾಳಣಾಘರಕ್ಕೆ ಹೋಗಿ ವಿಚಾರಿಸಿ ಬಂದಳು. ದುಡಿಯುವ ತಾಯಂದಿರು ದುಡ್ಡು ಕೊಟ್ಟು ಮಕ್ಕಳನ್ನು ಹಗಲು ಬಿಟ್ಟುಹೋಗುವ ಜಾಗ ಅದು. ಈ ಸುದ್ದಿ ಕಿವಿಗೆ ಬಿದ್ದ ದಿನ ಮಲ್ಲಕ್ಕ ರೊಟ್ಟಿ ತಟ್ಟುವ ಸದ್ದು ಮೂರು ಖೋಲಿ ಆಚೆಗೂ ಕೇಳಿತು.

"ಹಡದ ಅವ್ವ ಜೀವಂತ ಅದಾಳ, ಮೊಮ್ಮಗಳನ್ನ ಪರರ ಕೈಯಾಗ ಕೊಡ್ತಾಳಂತ! ನಾ ಏನ್ ಹುಚ್ಚಿ ಇದ್ದೀನೇನ? ಕುಷ್ಠ ಹತ್ತ್ಯಾದೇನ ನನ್ನ ಕೈಗಿ?"

ಯಾಕೆ ಎನ್ನುವುದು ಅವಳಿಗೆ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಕೊನೆಗೆ ರಮಾನಾಥನೇ ಒಂದು ದಾರಿ ಹುಡುಕಿದ. ಬಾಂದ್ರಾದಲ್ಲಿ ಹೊಸದಾಗಿ ಮಕ್ಕಳ ಆಟದ ಹಾಲ್ ಒಂದು ತೆರೆದಿತ್ತು. ಒಳಗೆಲ್ಲ ಸ್ಪಂಜು, ರೆಕ್ಸಿನ್ನು, ಏಸಿ. ನೀಲಾಳ ಆಫೀಸಿನ ಮೇಡಮ್ಮಿನ ಸಂಬಂಧಿಕರದ್ದು, ಹಾಗಾಗಿ ಆಫೀಸಿನವರ ಫ್ಯಾಮಿಲಿಗೆಲ್ಲ ಪುಕ್ಕಟೆ ಪಾಸು. ಭಾನುವಾರ ಅತ್ತೆಯನ್ನೂ ಕರೆದುಕೊಂಡು ಹೋಗೋಣ, ಒಂದು ದಿನ ಮಗುವಿನ ಜೊತೆ ಇರಲಿ, ನೀನೇ ಕಣ್ಣಾರೆ ನೋಡಿ ತೀರ್ಮಾನ ಮಾಡು ಎಂದ. ನೀಲಾ ಹೂಂ ಅಂದಳು.

"ಮಲ್ಲಕ್ಕಾ, ಅದೊಂದಿನ ಬಾಯಿಗೊಂದು ಬೀಗ ಹಾಕ್ಕೋ" ಎಂದು ಪಕ್ಕದ ಖೋಲಿಯ ರುಕ್ಮಿಣಿಬಾಯಿ ಬುದ್ಧಿ ಹೇಳಿದಳು.

"ಬೀಗ ನಿನ್ನ ಮನೀಗಿ ಹಾಕ್ಕೋ, ಹೋಗು" ಎಂದಳು ಮಲ್ಲಕ್ಕ. ಆದರೆ ಭಾನುವಾರ ಬೆಳಿಗ್ಗೆ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು, ದೇವರ ಮುಂದೆ ನಿಂತು ಬೇಡಿಕೊಂಡದ್ದು ಅದನ್ನೇ. ಇವತ್ತೊಂದು ದಿನ ನನ್ನ ನಾಲಿಗೆ ನನ್ನ ಹಿಡಿತದಲ್ಲಿರಲಿ, ತಾಯಿ. ಚೀಲದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಂಬೂಗೆಂದು ಬೆಲ್ಲದ ಉಂಡೆ. ಇವುಗಳ ಕೆಳಗೆ ಅಭ್ಯಾಸಬಲದಿಂದ ಹಳೆಯ ಸೀರೆಯ ಅಂಚಿನ ಒಂದು ಉದ್ದ ಪಟ್ಟಿ. ಅದಿಲ್ಲದೆ ಅವಳು ಯಾವತ್ತೂ ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ.

ದಾದರಿನಲ್ಲಿ ಲೋಕಲ್ ಬದಲಿಸಿ ಬಾಂದ್ರಾ ಮುಟ್ಟುವವರೆಗೂ ಮಲ್ಲಕ್ಕ ಯಾರಿಗೂ ಬೈಯಲಿಲ್ಲ. ಒಬ್ಬ ಅವಳ ಕಾಲು ತುಳಿದ, ಹಲ್ಲು ಕಚ್ಚಿದಳು. ರಮಾನಾಥ ಹೆಂಡತಿಯ ಕಡೆ ನೋಡಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದ.

ಹಾಲಿನ ಬಾಗಿಲಲ್ಲೇ ಮೊದಲ ತಕರಾರು. ಕಾಲುಚೀಲ ಹಾಕದೆ ಒಳಗೆ ಬಿಡುವುದಿಲ್ಲ. ಕೆಂಪು ಟೀಶರ್ಟಿನ ಹುಡುಗಿಯೊಬ್ಬಳು ಮಲ್ಲಕ್ಕನ ಒಡೆದ ಹಿಮ್ಮಡಿಯನ್ನು ನೋಡಿ, ಮುಖ ಸಣ್ಣಗೆ ಮಾಡಿ, ಒಂದು ಜೊತೆ ಬಿಳಿ ಕಾಲುಚೀಲ ಕೊಟ್ಟಳು. ಜನ್ಮದಲ್ಲೇ ಹಾಕಿದವಳಲ್ಲ ಮಲ್ಲಕ್ಕ. ಬೆಂಚಿನ ಮೇಲೆ ಕೂತು, ಹಿಮ್ಮಡಿಯ ಬಿರುಕಿಗೆ ನೂಲು ಸಿಕ್ಕಿಸಿಕೊಂಡು ಎಳೆದಾಡುವಾಗ ನೀಲಾ ಆಚೀಚೆ ನೋಡುತ್ತಿದ್ದಳು, ಯಾರಾದರೂ ಗುರುತಿನವರು ಇದ್ದಾರೇನೋ ಎಂದು.

"ಹೆಣಕ್ಕ ಸಿಂಗಾರ ಮಾಡ್ದಂಗ" ಎಂದಳು ಮಲ್ಲಕ್ಕ. ಮೆಲ್ಲಗೇ ಅಂದಳು. ಅವಳ ಮೆಲ್ಲಗೆ ಎಂದರೆ ಉಳಿದವರ ಜೋರು.

"ಅವ್ವಾ, ಪ್ಲೀಜ್" ಎಂದಳು ನೀಲಾ.

ಒಳಗೆ ಹೋದರೆ ನೆಲ ಕಾಲ ಕೆಳಗೆ ಕುಸಿಯಿತು. ಮಲ್ಲಕ್ಕ ಹೌಹಾರಿ ಗೋಡೆ ಹಿಡಿದಳು. ಗೋಡೆಯೂ ಮೆತ್ತಗೆ ಒಳಗೆ ಹೋಯಿತು. ಅಯ್ಯ ಶಿವನೇ! ನೆಲಕ್ಕೆ ಹಾಸಿಗೆ, ಗೋಡೆಗೆ ಹಾಸಿಗೆ, ಕಂಬಗಳಿಗೆಲ್ಲ ದಪ್ಪನೆಯ ಗಾದಿ ಸುತ್ತಿ ಮೇಲೆ ಹಳದಿ ರೆಕ್ಸಿನ್ನು ಹೊಲಿದಿದ್ದರು. ಒಂದು ಮೂಲೆಯಲ್ಲಿ ಹೊಂಡದ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಚೆಂಡು, ಅದರೊಳಗೆ ಕುತ್ತಿಗೆವರೆಗೆ ಮುಳುಗಿ ಮಕ್ಕಳ ಕೂಗು. ಹೊಂಡದ ಮೇಲೆ ಎರಡು ಅಂತಸ್ತಿನ ಅಟ್ಟ, ಸುತ್ತಲೂ ಬಲೆ, ಅಲ್ಲಿಂದ ಕೆಳಕ್ಕೆ ಜಾರುಬಂಡಿ. ಅಂಬೂ ಕೈ ಕೊಸರಿಕೊಂಡು ಓಡಿದವಳು ಚೆಂಡಿನೊಳಗೆ ಬಿದ್ದು ಮಾಯವಾಗಿ ಮತ್ತೆ ಎದ್ದಳು.

"ಆಯೀ! ದೇಖ್, ಇತನಾ ಗೇಂದ!" ಎಂದು ಅಜ್ಜಿಯನ್ನು ಕೂಗಿದಳು.

"ಇಲ್ಲಿ ಎಷ್ಟ ಸಲ ಬಿದ್ದ್ರೂ ಪೆಟ್ಟ ಆಗಂಗಿಲ್ರೀ ಅತ್ತೀ" ಎಂದ ರಮಾನಾಥ. ತಾನೇ ಕಟ್ಟಿಸಿದವನ ಹಾಗೆ ಖುಷಿ ಅವನಿಗೆ. "ಹಂಗ ಮಾಡ್ಯಾರ. ತಲಿ ಬಡದ್ರೂ ಏನಾಗಲ್ಲ."

ಮಲ್ಲಕ್ಕ ಕಂಬದ ಗಾದಿಯನ್ನು ಅಂಗೈಯಿಂದ ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಅಷ್ಟು ಹೊತ್ತು ಅದುಮಿಟ್ಟುಕೊಂಡಿದ್ದ ಸಿಟ್ಟು ಅಲ್ಲಿಂದ ಏರತೊಡಗಿತು. ಅವಳು ಕಂಡ ಕಂಬಗಳಿಗೆ ಮೊಳೆ ಇರುತ್ತಿತ್ತು, ಸಲಾಕೆ ಇರುತ್ತಿತ್ತು. ಅವಳು ಕಂಡ ಸ್ಲ್ಯಾಬುಗಳಿಗೆ ಅಂಚಿನಲ್ಲಿ ಒಂದು ಬಿದಿರು ಸಹ ಅಡ್ಡ ಕಟ್ಟಿರುತ್ತಿರಲಿಲ್ಲ. ಕೇಳಿದರೆ ಮುಕಾದಮ, "ಮಕ್ಕಳನ್ನು ತರಬೇಡ, ಕೆಲಸಕ್ಕೆ ಬಾ" ಎನ್ನುತ್ತಿದ್ದ. ಮಕ್ಕಳನ್ನು ಎಲ್ಲಿ ಇಟ್ಟು ಬರಬೇಕಿತ್ತು, ಅವನ ತಲೆಯ ಮೇಲೆಯೇ?

"ಅಂದ್ರ ಇವರಿಗಿ ಗೊತ್ತಿತ್ತು" ಎಂದಳು.

"ಏನ್ರೀ?"

"ಹ್ಯಾಂಗ ಮಾಡಿದ್ರ ಮಕ್ಳಿಗಿ ಪೆಟ್ಟ ಆಗಂಗಿಲ್ಲ ಅಂತ. ಗೊತ್ತಿತ್ತು ಇವರಿಗಿ."

ರಮಾನಾಥನಿಗೆ ಅರ್ಥವಾಗಲಿಲ್ಲ. ಹೌದ್ರೀ ಹೌದ್ರೀ ಎಂದು ತಲೆಯಾಡಿಸಿ, ಚಹಾ ತರುತ್ತೇನೆಂದು ಹೊರಗೆ ಹೋದ. ಅಷ್ಟರಲ್ಲಿ ಗಾಜಿನ ಬಾಗಿಲ ಆಚೆ ಆಫೀಸಿನ ಮೇಡಮ್ ಕಾಣಿಸಿ ನೀಲಾಳಿಗೆ ಕೈಬೀಸಿದರು. ನೀಲಾ ತಾಯಿಯನ್ನು ನೋಡಿದಳು, ಮಗಳನ್ನು ನೋಡಿದಳು, ಒಂದು ಗಳಿಗೆ ತಡೆದಳು.

"ಅವ್ವಾ, ಸ್ವಲ್ಪ ಅಂಬೂನ ನೋಡ್ತಿರು. ಬರೇ ನೋಡು, ಅಷ್ಟ. ಮತ್ತೇನೂ ಮಾಡಬ್ಯಾಡ. ಇದು ನಮ್ಮ ಚಾಳಲ್ಲ."

ಮಲ್ಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಂಡದ ಬದಿಯಲ್ಲಿ ನಿಂತಳು. ನೋಡುವುದೆಂದರೆ ಅವಳು ರೆಪ್ಪೆ ಬಡಿಯದೆ ನೋಡುವವಳು. ಅಂಬೂ ಚೆಂಡು ಎರಚಿದಳು, ಮುಳುಗಿದಳು, ಎದ್ದಳು. ಇನ್ನೊಬ್ಬ ಹುಡುಗನ ಹಿಂದೆ ಮೆತ್ತನೆಯ ಮೆಟ್ಟಿಲು ಹತ್ತಿದಳು. ಮೊದಲ ಅಟ್ಟ. ಎರಡನೆಯ ಅಟ್ಟ. ಅಲ್ಲಿಂದ ಬಲೆಗೆ ಎದೆಯೊತ್ತಿ, ಒಂದು ಕಾಲು ಅಂಚಿನ ಆಚೆಗೆ ಇಳಿಬಿಟ್ಟು, "ಆಯೀ!" ಎಂದು ನಕ್ಕಳು.

ಬಲೆ ಇತ್ತು. ಮಲ್ಲಕ್ಕನಿಗೆ ಬಲೆ ಕಾಣಿಸಲಿಲ್ಲ. ಎತ್ತರದಲ್ಲಿ ಒಂದು ಅಂಚು, ಅಂಚಿನಲ್ಲಿ ಒಂದು ಸಣ್ಣ ಕಾಲು, ಒಂದು ನಗು. ಅಷ್ಟೇ ಕಂಡದ್ದು. ಮಂಡಿನೋವು ಎಲ್ಲಿ ಹೋಯಿತೋ, ಚೆಂಡುಗಳನ್ನು ಸೀಳಿಕೊಂಡು, ಅಡ್ಡ ಬಂದ ಮಕ್ಕಳನ್ನು ಸರಿಸಿ, ನಾಲ್ಕೂ ಕೈಕಾಲಲ್ಲಿ ಮೆಟ್ಟಿಲು ಹತ್ತಿ ಹುಡುಗಿಯನ್ನು ರಟ್ಟೆ ಹಿಡಿದು ಕೆಳಗಿಳಿಸಿದಳು. ಚೀಲದಿಂದ ಅಂಚಿನ ಪಟ್ಟಿ ಹೊರಬಂತು. ಕಾಲಿಗೆ ಬೇಡ, ಸೊಂಟಕ್ಕೆ. ಕಾಲಿಗಾದರೆ ಕಲೆ ಉಳಿಯುತ್ತದೆ. ಇನ್ನೊಂದು ತುದಿ ಹಳದಿ ಕಂಬಕ್ಕೆ. ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು.

"ಹಾಂ, ಈಗ ಆಡು. ಎಷ್ಟ ಬೇಕಷ್ಟ ಆಡು, ನನ್ನವ್ವಾ."

ಪಾಪ, ಅಂಬೂ ಆಡಿದಳು. ಪಟ್ಟಿ ಎಟುಕುವವರೆಗೆ ಹೋಗಿ, ಜಗ್ಗಿ, ವಾಪಸು ಬಂದಳು. ಅವಳಿಗೆ ಅದೂ ಒಂದು ಆಟ. ಆದರೆ ಸುತ್ತಲಿನ ಮಕ್ಕಳು ಬಿಟ್ಟಾರೆಯೇ? ಒಬ್ಬ "ಬಕ್ರೀ!" ಎಂದ. ಇನ್ನೊಬ್ಬ ಮ್ಯಾ ಮ್ಯಾ ಎಂದ. ಹೊಂಡದ ತುಂಬ ಬಕ್ರೀ ಬಕ್ರೀ ಎದ್ದಿತು. ಅಂಬೂ ಒಂದು ಸಲ ನಕ್ಕು, ಎರಡನೆಯ ಸಲ ಸುತ್ತ ನೋಡಿ, ಮೂರನೆಯ ಸಲ ಬಾಯಿ ಹರಿದು ಅತ್ತಳು.

"ಯಾರಲೇ ಅದು ಬಕ್ರಿ ಅಂದದ್ದು? ನಿಮ್ಮಪ್ಪ ಬಕ್ರಿ! ನಿಮ್ಮಜ್ಜ ಬಕ್ರಿ!" ಎಂದು ಮಲ್ಲಕ್ಕ ಗುಡುಗಿದಳು. ಬೀಗ, ದೇವರು, ಹರಕೆ ಎಲ್ಲ ಮೂಲೆಗೆ. ಮಕ್ಕಳು ಗಪ್ ಚುಪ್. ಮಕ್ಕಳ ತಾಯಂದಿರು ಎದ್ದು ನಿಂತರು. ಕೆಂಪು ಟೀಶರ್ಟಿನ ಹುಡುಗಿ ಓಡಿ ಬಂದಳು.

"ಬಾಯೀ, ಯೇ ಕ್ಯಾ ಕಿಯಾ? ಬಚ್ಚೀ ಕೋ ಬಾಂಧಾ? ಜಾನವರ್ ಹೈ ಕ್ಯಾ?"

"ತೂ ಜಾನವರ್! ಹಾತ್ ಮತ್ ಲಗಾ!"

ಹುಡುಗಿ ಗಂಟು ಬಿಚ್ಚಲು ನೋಡಿದಳು. ಮಲ್ಲಕ್ಕನ ಗಂಟು ಅದು, ಬಿಚ್ಚುತ್ತದೆಯೇ? ಕೌಂಟರಿನಿಂದ ಕತ್ತರಿ ತಂದು ಪಟ್ಟಿಯನ್ನು ಕಚಕ್ಕೆಂದು ಕತ್ತರಿಸಿದಳು. ಆ ಹೊತ್ತಿಗೆ ನೀಲಾ ಬಂದಿದ್ದಳು. ಅವಳ ಹಿಂದೆ ಮೇಡಮ್, ಬಾಯಿಯ ಮೇಲೆ ಕೈ. ಮೇಡಮ್ ಇಂಗ್ಲಿಷಿನಲ್ಲಿ ಏನೋ ಅಂದರು. ಮಲ್ಲಕ್ಕನಿಗೆ ತಿಳಿದದ್ದು ಒಂದೇ ಶಬ್ದ, ಪೊಲೀಸ್; ಅದೂ ತಮಾಷೆಗೆ ಅಂದದ್ದೋ ಏನೋ. ನೀಲಾಳ ಮುಖಕ್ಕೆ ಮಾತ್ರ ರಕ್ತ ಏರಿತ್ತು. ತಾಯಿಯ ಸಿಟ್ಟೇ ಮಗಳಿಗೂ ಬಂದಿತ್ತು. ಇಷ್ಟು ವರ್ಷ ಟೆಲಿಫೋನಿನ ದನಿಯ ಕೆಳಗೆ ಅಡಗಿಸಿಟ್ಟಿದ್ದಳು, ಅಷ್ಟೇ.

"ಏನ್ ಮಾಡಿದಿ ಅವ್ವಾ? ನೋಡು ಅಂದಿದ್ದೆ. ಬರೇ ನೋಡು ಅಂದಿದ್ದೆ! ಎಲ್ಲಾರ ಮುಂದ ನನ್ನ ಮಾನ ತೆಗದಿ!"

"ಮಾನ! ಮ್ಯಾಲಿಂದ ಬಿದ್ದಿದ್ರ ನಿನ್ನ ಮಾನ ಹಿಡೀತಿತ್ತೇನ ಅಕಿನ್ನ?"

"ಬೀಳಲ್ಲ ಇಲ್ಲಿ! ಬಿದ್ದ್ರೂ ಏನಾಗಲ್ಲ! ಅದಕ್ಕ ಮಾಡ್ಯಾರ ಇದನ್ನ!"

"ಏನಾಗಲ್ಲ ಅಂತ ಯಾರಿಗಿ ಗೊತ್ತದ? ಕಣ್ಣ ಮುಚ್ಚಿ ತೆಗ್ಯೋದ್ರಾಗ—"

"ಸಾಕು!" ನೀಲಾ ಸಲ್ವಾರಿನ ಅಂಚನ್ನು ಎತ್ತಿ, ಬಿಳಿ ಕಾಲುಚೀಲವನ್ನು ಕೆಳಕ್ಕೆ ಜಗ್ಗಿದಳು. ಎಡಗಾಲ ಹರಡಿನ ಸುತ್ತ ಹಗ್ಗ ತಿಂದ ಗುರುತು, ಹಳೆಯ ಬಳೆಯಂತೆ ಕಪ್ಪಗೆ. "ಇದನ್ನ ನೋಡು. ಇವತ್ತಿಗೂ ಸೀರಿ ಉಟ್ರ, ಚಪ್ಪಲ್ ಹಾಕ್ಕೊಂಡ್ರ, ಮಂದಿ ಕೇಳ್ತಾರ. ನಾಯಿ ಕಟ್ಟಿದಂಗ ಕಟ್ಟಿದ್ದಿ ನನಗ. ನನ್ನ ಮಗಳಿಗೂ ಇದನ್ನೇ ಮಾಡ್ತಿ?"

"ಕಟ್ಟಿದ್ದಕ್ಕ ಉಳದಿ!"

ಮಾತು ಬಾಯಿಂದ ಬಿದ್ದುಹೋಯಿತು. ನೀಲಾ ಒಂದು ಹೆಜ್ಜೆ ಮುಂದೆ ಬಂದಳು. ಈಗ ಅವಳು ಕೂಗಲಿಲ್ಲ.

"ಹೌದು. ನನ್ನ ಕಟ್ಟಿದಿ, ನಾ ಉಳದೆ. ಅವನ್ನ ಕಟ್ಟೂದು ಮರತಿ. ಅಪ್ಪ ಸಾಯೂತನಕ ಇದನ್ನೇ ಅಂತಿದ್ದ. ಕಾಂತ್ಯಾನ್ನ ಮರತ ಕೈಯಾಗ ನನ್ನ ಮಗಳನ್ನ ಹ್ಯಾಂಗ ಕೊಡ್ಲಿ, ಹೇಳು? ನೀನೇ ಹೇಳು."

ಮಲ್ಲಕ್ಕನ ಬಾಯಿ ತೆರೆಯಿತು.

ಕಾಂತ್ಯಾ ಎಂದರೆ ಕಾಂತಪ್ಪ, ನೀಲಾಳ ತಮ್ಮ. ಚೆಂಬೂರಿನ ಕಡೆಯ ಒಂದು ಸೈಟು. ಎರಡನೆಯ ಮಾಳಿಗೆಯ ಸ್ಲ್ಯಾಬಿನ ಮೇಲೆ, ನೆರಳಿರುವ ಕಡೆ, ಮಕ್ಕಳನ್ನು ಕೂಡಿಸಿ ಬರುತ್ತಿದ್ದರು. ಆಗಷ್ಟೇ ನಡೆಯಲು ಕಲಿತಿದ್ದ ಕಾಂತ್ಯಾನ ಕಾಲಿಗೆ ಕತ್ತದ ಹಗ್ಗ, ಹಗ್ಗದ ತುದಿ ಕಂಬಕ್ಕೆ. ನೀಲಾ ದೊಡ್ಡವಳಾಗಿದ್ದಳು, ಶಾಲೆಗೆ ಸೇರಿಸುವ ವಯಸ್ಸು. ಅವಳನ್ನು ಕಟ್ಟುವುದು ನಿಲ್ಲಿಸಿ ತಮ್ಮನ ಕಾವಲಿಗೆ ಬಿಟ್ಟಿದ್ದರು. ಅವಳ ಕಾಲಿನ ಗಾಯ ಇನ್ನೂ ಪೂರ್ತಿ ಒಣಗಿರಲಿಲ್ಲ. ಮಲ್ಲಕ್ಕ ಅವತ್ತು ಮರೆತಿರಲಿಲ್ಲ. ಕಟ್ಟಿದ್ದಳು. ಬುಟ್ಟಿ ಹೊತ್ತು ಬಿದಿರಿನ ಮೆಟ್ಟಿಲ ನಡುವೆ ಇದ್ದಾಗ ತಲೆಯೆತ್ತಿ ನೋಡಿದರೆ, ನೀಲಾ ಕುಕ್ಕರಗಾಲಲ್ಲಿ ಕೂತು, ನಾಲಿಗೆ ಹೊರಚಾಚಿ, ತಮ್ಮನ ಕಾಲಿನ ಗಂಟನ್ನು ಉಗುರಿನಿಂದ ಬಿಚ್ಚುತ್ತಿದ್ದಳು. ನೋಯುತ್ತದೆ ಪಾಪ ಅವನಿಗೆ, ಎಂದಿರಬೇಕು. ಮಲ್ಲಕ್ಕ ಕೂಗಿದಳು. ಕೆಳಗೆ ಕಾಂಕ್ರೀಟಿನ ಮಿಕ್ಸರ್ ತಿರುಗುತ್ತಿತ್ತು. ಎದೆ ಬಿರಿಯುವಂತೆ ಕೂಗಿದಳು, ಪಕ್ಕದಲ್ಲಿದ್ದವಳಿಗೂ ಕೇಳಲಿಲ್ಲ. ಹುಡುಗ ಎದ್ದು, ನಗುತ್ತ, ಬಿಡುಗಡೆಯಾದ ಕಾಲಲ್ಲಿ ತಪ್ಪುಹೆಜ್ಜೆ ಹಾಕುತ್ತ ನಡೆದ. ಅವನು ಹೋದದ್ದು ಅಂಚಿನ ಕಡೆಗೆ.

"ಕಟ್ಟಿರಲಿಲ್ಲೇನ?" ಎಂದು ಭೀಮರಾಯ ಕೇಳಿದ. ಮಲ್ಲಕ್ಕನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನೀಲಾ ನಿಂತಿದ್ದಳು. "ಇಲ್ಲ, ಮರತೆ" ಎಂದಳು ಮಲ್ಲಕ್ಕ. ಅವನು ಎಲ್ಲರ ಮುಂದೆ ಹೊಡೆದ. ನೀಲಾ ಜ್ವರ ಬಂದು ಮಲಗಿ, ಏಳುವ ಹೊತ್ತಿಗೆ ಏನೂ ನೆನಪಿರಲಿಲ್ಲ. ಅಪ್ಪ ಹೇಳಿದ್ದನ್ನೇ ನಂಬಿ ಬೆಳೆದಳು. ಮಲ್ಲಕ್ಕನ ದನಿ ಏರಿದ್ದು ಅವತ್ತು. ಆಮೇಲೆ ಇಳಿದಿಲ್ಲ. ಜಗತ್ತಿನಲ್ಲಿ ಎಲ್ಲಿ ಯಾವ ಮಿಕ್ಸರ್ ತಿರುಗುತ್ತಿದೆಯೋ ಯಾರಿಗೆ ಗೊತ್ತು?

ಈಗ ಹಳದಿ ಕಂಬದ ಮುಂದೆ ನಿಂತು ಮಗಳು ಕೇಳುತ್ತಿದ್ದಾಳೆ, ನೀನೇ ಹೇಳು ಎಂದು. ಹೇಳಿದರೆ ಮುಗಿಯಿತು. ನಾಳೆಯಿಂದಲೇ ಅಂಬೂ ಅವಳ ಮಡಿಲಲ್ಲಿ. ನಾಲಿಗೆಯ ತುದಿಗೆ ಬಂದು ನಿಂತಿತ್ತು ಮಾತು. ಬೈದು ಬೈದು ನುರಿತ ನಾಲಿಗೆ, ಯಾರಿಗೂ ಏನನ್ನೂ ಬಾಕಿ ಉಳಿಸಿಕೊಂಡದ್ದಲ್ಲ. ಎಂಥ ಸಿಟ್ಟು ಬಂದಿತ್ತು! ಸತ್ತ ಗಂಡನ ಮೇಲೆ ಸಿಟ್ಟು, ಈ ಮೆತ್ತನೆಯ ಗೋಡೆಗಳ ಮೇಲೆ ಸಿಟ್ಟು, ಏನೂ ಗೊತ್ತಿಲ್ಲದೆ ಕಾಲು ತೋರಿಸಿಕೊಂಡು ನಿಂತ ಈ ಹುಡುಗಿಯ ಮೇಲೆ ಹೇಳತೀರದ ಸಿಟ್ಟು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಲ್ಲಕ್ಕ ಬಾಯಿ ಮುಚ್ಚಿದಳು. ಬಗ್ಗಿ, ಕತ್ತರಿಸಿ ಬಿದ್ದಿದ್ದ ಪಟ್ಟಿಯನ್ನು ಎತ್ತಿಕೊಂಡಳು.

"ಕೊಡಬ್ಯಾಡ" ಎಂದಳು. "ಆ ಪಾಳಣಾಘರದಾಗೇ ಹಾಕು, ಹೋಗು."

ಕಾಲುಚೀಲ ಕಿತ್ತು ಕೌಂಟರಿನ ಮೇಲೆ ಎಸೆದು ಹೊರಗೆ ಬಂದಳು. ರಮಾನಾಥ ಎರಡು ಕೈಯಲ್ಲೂ ಚಹಾದ ಗ್ಲಾಸು ಹಿಡಿದುಕೊಂಡು ಎದುರಾದ. "ಏನಾಯ್ತ್ರೀ ಅತ್ತೀ?" ಎಂದ. "ಏನ ಆಗ್ತದರೀ? ಚಹಾ ಆರಿಹೋಯ್ತು ನೋಡ್ರಿ" ಎಂದು ಗ್ಲಾಸು ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದಳು. ಅದು ಬಿಸಿಯಾಗಿಯೇ ಇತ್ತು. ಪಟ್ಟಿಯ ತುಂಡನ್ನು ಮೆಟ್ಟಿಲ ಬಳಿಯ ಕಸದ ಡಬ್ಬಿಗೆ ಹಾಕಿದಳು.

ಬಾಂದ್ರಾ ಸ್ಟೇಷನ್ನಿನ ಕಡೆ ಹೊರಟರು. ರಮಾನಾಥ ಅಂಬೂನನ್ನು ಎತ್ತಿಕೊಂಡು ಮುಂದೆ, ನೀಲಾ ನಡುವೆ, ಮಲ್ಲಕ್ಕ ಹಿಂದೆ. ರೊಟ್ಟಿಯ ಗಂಟು ಬಿಚ್ಚದೆ ಹಾಗೇ ಉಳಿದಿತ್ತು. ಪ್ಲಾಟ್‌ಫಾರ್ಮಿನಲ್ಲಿ ಭಾನುವಾರದ ಜಾತ್ರೆಯಂಥ ಜನ. ರಮಾನಾಥ ಟಿಕೆಟಿನ ಸಾಲಿಗೆ ಹೋಗಬೇಕಾಗಿ ಮಗುವನ್ನು ಇಳಿಸಿದ. ಇಳಿಸಿದ್ದೇ ತಡ, ಅಂಬೂ ಹಳಿಯ ಕಡೆಗೆ ಓಡಿದಳು, ಇಲಿ ಕಂಡಿತಂತೆ. ನೀಲಾ ಚೀರಿ ಹಿಂದಿನಿಂದ ಅಂಗಿ ಹಿಡಿದು ಎಳೆದಳು. ಹುಡುಗಿ ಮತ್ತೆ ಕೊಸರಿಕೊಂಡಳು. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಮಗು, ಸುತ್ತಲೂ ನೂಕುವ ಜನ.

ನೀಲಾ ಚೀಲವನ್ನು ನೆಲಕ್ಕಿಟ್ಟು, ಕುತ್ತಿಗೆಯ ದುಪಟ್ಟಾ ತೆಗೆದು, ಅಂಬೂನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಇನ್ನೊಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡಳು. ಆಮೇಲೆ ತಾನು ಏನು ಮಾಡಿದೆನೆಂದು ಅವಳಿಗೇ ಹೊಳೆದು, ಹಾಗೇ ಕೂತುಬಿಟ್ಟಳು.

ಮಲ್ಲಕ್ಕ ನೋಡಿದಳು. ಬೇರೆ ದಿನವಾಗಿದ್ದರೆ ಎಂಥ ಮಾತು ಬರುತ್ತಿತ್ತು ಆ ಬಾಯಲ್ಲಿ! ಇವತ್ತು ಎದುರಿನ ಪ್ಲಾಟ್‌ಫಾರ್ಮಿನ ಕಡೆ ಮುಖ ತಿರುಗಿಸಿದಳು.

"ಅವ್ವಾ."

"ಏನದ?"

"ಅಂಥಾ ಮೆತ್ತನ ಜಾಗಾದಾಗೂ ನಿನಗ ಕಟ್ಟೂದು ಮರೀಲಿಲ್ಲ." ನೀಲಾ ಇನ್ನೂ ಗಂಟನ್ನೇ ನೋಡುತ್ತಿದ್ದಳು. "ಅವತ್ತ ಅಷ್ಟ ಎತ್ತರದ ಮ್ಯಾಲ ಹ್ಯಾಂಗ ಮರತಿ?"

ಇಷ್ಟು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗಂಡ ಕೇಳಲಿಲ್ಲ, ಊರವರು ಕೇಳಲಿಲ್ಲ.

"ನನಗ ಒಮ್ಮೊಮ್ಮೆ ಏನೋ ನೆಪ್ಪಾಗ್ತದ ಅವ್ವಾ. ಕತ್ತದ ಎಳಿ ನನ್ನ ಉಗುರಿನ್ಯಾಗ ಸಿಕ್ಕಿ ಚುಚ್ಚಿದಂಗ. ಒಂದು ಗಂಟು—"

"ಅದು ನಿನ್ನ ಕಾಲಿಂದು!" ಮಲ್ಲಕ್ಕ ಅಬ್ಬರಿಸಿದಳು. ಅಕ್ಕಪಕ್ಕದವರು ಬೆಚ್ಚಿ ಸರಿದರು. "ದಿನಾ ಕಾಲ ಕೆರಕೊಂಡು, ಹಗ್ಗ ಬಿಚ್ಚತೀನಂತ ಉಗುರು ಮುರಕೊಂಡು ಕುಂದ್ರತಿದ್ದಿ! ಅದೇ ನೆಪ್ಪದ ನಿನಗ, ಮತ್ತೇನಿಲ್ಲ! ಮರತೆ ಅಂದ್ರ ಮರತೆ ನಾನು! ನನ್ನ ಕೈ, ನನ್ನ ತಪ್ಪು! ಎಷ್ಟ ಸಲ ಹೇಳ್ಬೇಕ ನಿಮ್ಮಪ್ಪಗ, ಎಷ್ಟ ಸಲ ಹೇಳ್ಬೇಕ ನಿನಗ? ಏಳು ಮ್ಯಾಲ, ಗಾಡಿ ಬಂತು!"

ಗಾಡಿ ಬಂದೇ ಇತ್ತು. ರಮಾನಾಥ ಟಿಕೆಟು ಎತ್ತಿ ತೋರಿಸುತ್ತ ಓಡಿ ಬರುತ್ತಿದ್ದ. ಜನ ಒಮ್ಮೆಲೇ ಮುಂದಕ್ಕೆ ನುಗ್ಗಿದರು. ನೀಲಾ ಎದ್ದು ತಾಯಿಯ ಮುಖವನ್ನು ನೋಡಿದಳು. ಸಿಟ್ಟಿನಲ್ಲಿ ಮೂಗಿನ ಹೊಳ್ಳೆಗಳು ಅರಳಿದ್ದವು, ಕಣ್ಣು ಕೆಂಡ, ಮತ್ತು ಆ ಕೆಂಡದ ತುಂಬ ನೀರು. ಏನು ತಿಳಿಯಿತೋ, ಎಷ್ಟು ತಿಳಿಯಿತೋ. ದುಪಟ್ಟಾದ ತುದಿಯನ್ನು ಮುಂಗೈಯಿಂದ ಬಿಚ್ಚಿ ತಾಯಿಯ ಕೈಯಲ್ಲಿಟ್ಟಳು.

"ಹಿಡಿ. ನಾ ಚೀಲ ತಗೋತೀನಿ." ಹೆಣ್ಣುಮಕ್ಕಳ ಡಬ್ಬಿಯ ಕಡೆ ತಿರುಗುತ್ತ ಹೇಳಿದಳು, "ನಾಳೆ ನನಗ ಎಂಟಕ್ಕ ಮನಿ ಬಿಡಬೇಕು. ಅದಕ್ಕಿಂತ ಮೊದಲ ಬಾ."

ಮಲ್ಲಕ್ಕ ತುದಿಯನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿದಳು. ಎರಡು ಸುತ್ತು ಸುತ್ತಿದಳು. ಅಂಬೂನನ್ನು ಬಗಲಿಗೆತ್ತಿಕೊಂಡು, ಮೊಣಕೈಯಿಂದ ಜನರನ್ನು ಸೀಳುತ್ತ, ಗಾಡಿಯ ಸದ್ದನ್ನೂ ಮೀರುವ ದನಿಯಲ್ಲಿ ಬೈಯುತ್ತ ಬಾಗಿಲ ಕಡೆ ನುಗ್ಗಿದಳು.

"ಸರಕೋ ರೇ! ಕಣ್ಣ ಕಾಣಂಗಿಲ್ಲೇನ? ಬಚ್ಚಾ ಹೈ, ಬಚ್ಚಾ!"

ಈ ಸಲ ಎಲ್ಲರಿಗೂ ಕೇಳಿಸಿತು. ಸರಿದು ದಾರಿ ಬಿಟ್ಟರು.